ಪರರ ಚೌಕ ಸಾಕು, ಕನ್ನಡಕ್ಕೆ ಸ್ವಂತ ವಿಳಾಸ ಬೇಕು!

ಮೊದಲು ನಮ್ಮ ಮಾನ ನಾವೇ ಹರಾಜು ಹಾಕಿಕೊಳ್ಳುತ್ತೇವೆ. ಉಳಿದವರ ಸರದಿ ಆಮೇಲೆ.

ಹೋದ ನವೆಂಬರಿನಲ್ಲಿ ನಮ್ಮ ಹುಡುಗರು ಒಂದು ಪೋಸ್ಟರು ಮಾಡಿಸಿದರು. ಹಳದಿ ಕೆಂಪು ಅಂಚು, ಮೇಲೆ ತಾಯಿ ಭುವನೇಶ್ವರಿ, ನಡುವೆ ದಪ್ಪಕ್ಷರದಲ್ಲಿ ‘ಬನ್ನಿ, ಕನ್ನಡ ಕಲಿಯಿರಿ’. ಕೆಳಗೆ ಬಲಮೂಲೆಯಲ್ಲಿ ಒಂದು ಕ್ಯೂಆರ್ ಚೌಕ. ಅದಕ್ಕೆ ಫೋನು ಹಿಡಿದರೆ, ಕನ್ನಡ ಬಾರದವರಿಗೆಂದು ನಾವೇ ರಾತ್ರಿ ನಿದ್ದೆಗೆಟ್ಟು ಬರೆದಿಟ್ಟ ಮೂವತ್ತು ಪಾಠಗಳ ಪುಟ ತೆರೆಯಬೇಕು. ಎರಡು ಸಾವಿರ ಪ್ರತಿ ಅಚ್ಚಾಯಿತು. ಕಿರಾಣಿ ಅಂಗಡಿ, ಸಲೂನು, ಪೀಜಿ ಹಾಸ್ಟೆಲ್ಲು, ಅಪಾರ್ಟ್‌ಮೆಂಟಿನ ಗೇಟು ಎಂದು ಒಪ್ಪಿದವರ ಬಳಿಯೆಲ್ಲ ಕೊಟ್ಟು ಅಂಟಿಸಿದೆವು. ಫೋಟೋ ತೆಗೆಸಿಕೊಂಡೆವು. ಹಾರ ಹಾಕಿಸಿಕೊಂಡೆವು.

ಮೂರನೆಯ ವಾರ ಒಡಿಶಾ ಕಡೆಯ ಒಬ್ಬ ಸೆಕ್ಯುರಿಟಿ ಹುಡುಗ ನನ್ನನ್ನು ಗೇಟಿನಲ್ಲಿ ತಡೆದ. ಮೂರು ಪಾಠ ಮುಗಿಸಿದ್ದನಂತೆ. ಬೆಂಗಳೂರಿಗೆ ಬಂದ ಎಂಟು ತಿಂಗಳಲ್ಲಿ ಕನ್ನಡ ಕಲಿ ಎಂದು ಬೈದವರು ಬೇಕಾದಷ್ಟು ಜನ, ಕಲಿಸಿದವರು ಯಾರೂ ಇಲ್ಲ. ಅಂಥವನು ಫೋನು ತೋರಿಸಿ ಹೇಳಿದ: “ಅಣ್ಣಾ, ಇದು ಈಗ ಪೈಸೆ ಕೇಳ್ತಿದೆ.”

ನೋಡಿದೆ. ಪಾಠವೂ ಇಲ್ಲ, ಕನ್ನಡವೂ ಇಲ್ಲ. ಯಾವುದೋ ದೇಶದ ಯಾವುದೋ ಕಂಪನಿಯ ಇಂಗ್ಲಿಷ್ ಪುಟ. ಈ ಕೋಡಿನ ಪುಕ್ಕಟೆ ಅವಧಿ ಮುಗಿದಿದೆ, ಮತ್ತೆ ಜೀವ ಬರಬೇಕಾದರೆ ತಿಂಗಳಿಗೆ ಇಷ್ಟು ಕಟ್ಟಿ ಎಂದು ಅದರ ಮೇಲೆ ಬರೆದಿತ್ತು. ಎರಡು ಸಾವಿರ ಗೋಡೆಗಳ ಮೇಲೆ ತಾಯಿ ಭುವನೇಶ್ವರಿಯ ಪಾದದ ಬಳಿ ನಾವೇ ಕೈಯಾರೆ ಅಂಟಿಸಿ ಬಂದದ್ದು ಒಬ್ಬ ವಸೂಲಿಗಾರನ ಜಾಹೀರಾತು!

ಯಾರಪ್ಪಾ ಮಾಡಿದ್ದು ಎಂದು ಕೇಳಿದರೆ ನಮ್ಮ ಹುಡುಗ ಹಲ್ಲು ಕಿರಿದ. “ಗೂಗಲ್‌ನಲ್ಲಿ ‘ಫ್ರೀ ಕ್ಯೂಆರ್’ ಅಂತ ಹುಡುಕಿದೆ ಸಾರ್, ಮೊದಲು ಬಂದದ್ದನ್ನ ಒತ್ತಿದೆ.” ಇಂಜಿನಿಯರಿಂಗ್ ಓದಿದ ಹುಡುಗ. ಅವನು ಹುಡುಕುತ್ತಿದ್ದದ್ದು ಅವನು ಹುಡುಕಲು ಬಳಸುತ್ತಿದ್ದ ಬ್ರೌಸರಿನ ಹೊಟ್ಟೆಯಲ್ಲೇ ಇತ್ತು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಎನ್ನುತ್ತಾರಲ್ಲ, ನಮ್ಮ ಹುಡುಗ ಅಲೆದದ್ದೂ ಅಲ್ಲದೆ ಬೆಣ್ಣೆಯನ್ನೂ ಅಲ್ಲೇ ಬಿಟ್ಟು ಬಂದ.

ಗೆಳೆಯರೇ, ಕಿವಿಗೊಟ್ಟು ಕೇಳಿ. ಕಂಪ್ಯೂಟರಿನಲ್ಲಿ ಕ್ರೋಮ್ ಇದೆಯೋ? ನಿಮಗೆ ಬೇಕಾದ ಪುಟ ತೆರೆಯಿರಿ. ಪುಟದ ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿ ಒತ್ತಿ. ಇಳಿಯುವ ಪಟ್ಟಿಯಲ್ಲಿ ಈ ಪುಟಕ್ಕೆ ಕ್ಯೂಆರ್ ಕೋಡ್ ಮಾಡು ಎಂಬರ್ಥದ ಸಾಲು ಇರುತ್ತದೆ. ಅಲ್ಲಿ ಕಾಣದಿದ್ದರೆ ಬಲಗಡೆ ಮೇಲಿನ ಮೂರು ಚುಕ್ಕೆ ಒತ್ತಿ, ಉಳಿಸುವ ಮತ್ತು ಹಂಚುವ ಸಾಲಿನೊಳಗೆ ನೋಡಿ. ಚೌಕ ಎದುರಿಗೆ ಬಂದು ನಿಲ್ಲುತ್ತದೆ, ಅದರ ಕೆಳಗೆ ವಿಳಾಸ, ಪಕ್ಕದಲ್ಲಿ ಇಳಿಸಿಕೊಳ್ಳುವ ಗುಂಡಿ. ಒತ್ತಿದರೆ ಚಿತ್ರ ನಿಮ್ಮ ಕಂಪ್ಯೂಟರಿಗೆ ಬಂತು. ಎಡ್ಜ್ ಬ್ರೌಸರಿನಲ್ಲೂ ಅದೇ ಬಲಗುಂಡಿ, ಅದೇ ಕೆಲಸ. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಮೂರು ಚುಕ್ಕೆ, ಆಮೇಲೆ ಹಂಚುವ ಸಾಲು, ಅದರೊಳಗೆ ಕ್ಯೂಆರ್. ಆವೃತ್ತಿ ಬದಲಾದಂತೆ ಸಾಲು ಆಚೀಚೆ ಸರಿಯುತ್ತದೆ, ಹುಡುಕಿದರೆ ಸಿಗುತ್ತದೆ. ಲಾಗಿನ್ ಬೇಡ, ಇಮೇಲ್ ಕೊಡಬೇಕಿಲ್ಲ, ಕಾರ್ಡಿನ ನಂಬರು ಕೇಳುವವರಿಲ್ಲ. ಚಹಾ ಆರುವಷ್ಟರಲ್ಲಿ ಕೆಲಸ ಮುಗಿಯುತ್ತದೆ.

ಆ ಚೌಕದ ನಡುವೆ ಒಂದು ಪುಟ್ಟ ಡೈನೋಸಾರ್ ಕುಳಿತಿರುತ್ತದೆ. ಇಂಟರ್‌ನೆಟ್ಟು ಹೋದಾಗ ಕ್ರೋಮ್‌ನಲ್ಲಿ ಓಡುತ್ತದಲ್ಲ, ಅದೇ ಪ್ರಾಣಿ. ರಾಜ್ಯೋತ್ಸವದ ಪೋಸ್ಟರಿನಲ್ಲಿ ಡೈನೋಸಾರ್ ಯಾಕೆ, ಗಂಡಭೇರುಂಡ ಹಾಕಬಾರದೇ ಎಂದು ನಮ್ಮ ಸಭೆಯಲ್ಲಿ ಒಬ್ಬರು ಮುಕ್ಕಾಲು ಗಂಟೆ ಮಾತಾಡಿದರು. ಸ್ವಾಮಿ, ಗಂಡಭೇರುಂಡ ಹಾಕಿದ್ದ ಚೌಕವೇ ಮೂರು ವಾರಕ್ಕೆ ಸತ್ತದ್ದು!

ಸತ್ತದ್ದು ಯಾಕೆ? ನಮ್ಮ ಹೋರಾಟಗಾರರಲ್ಲಿ ನೂರಕ್ಕೆ ತೊಂಬತ್ತು ಜನಕ್ಕೆ ಗೊತ್ತಿಲ್ಲದ ಸಂಗತಿ ಇದು. ಬ್ರೌಸರು ಮಾಡಿಕೊಡುವ ಚೌಕದೊಳಗೆ ಇರುವುದು ನಿಮ್ಮ ಪುಟದ ವಿಳಾಸ, ಅಷ್ಟೇ. ಕಪ್ಪು ಬಿಳಿ ಚುಕ್ಕೆಗಳಲ್ಲಿ ಬರೆದ ಬರವಣಿಗೆ ಅದು. ಕಾಗದ ಇರುವ ತನಕ, ಪುಟ ಇರುವ ತನಕ, ಅದು ಬದುಕಿರುತ್ತದೆ. ಆ ಪುಕ್ಕಟೆ ಅಂಗಡಿಯವನು ಕೊಟ್ಟ ಚೌಕದೊಳಗೆ ನಮ್ಮ ವಿಳಾಸ ಇರಲೇ ಇಲ್ಲ, ಅಂಗಡಿಯವನ ವಿಳಾಸ ಇತ್ತು. ಫೋನು ಮೊದಲು ಅವನ ಮನೆಗೆ ಹೋಗುತ್ತದೆ, ಅವನು ಕೃಪೆ ತೋರಿ ನಮ್ಮ ಮನೆಗೆ ಕಳಿಸುತ್ತಾನೆ. ಇದಕ್ಕೆ ‘ಡೈನಮಿಕ್’ ಎಂಬ ಭರ್ಜರಿ ಹೆಸರು. ಕನ್ನಡದಲ್ಲಿ ಇದಕ್ಕೊಂದು ಹಳೆಯ ಶಬ್ದವಿದೆ: ದಲ್ಲಾಳಿ. ಎಷ್ಟು ಹೊತ್ತಿಗೆ ಯಾವ ಊರಿನಿಂದ ಯಾವ ಜಾತಿಯ ಫೋನು ಬಂತು ಎಂದು ಬಾಗಿಲಲ್ಲಿ ಕೂತು ಬರೆದಿಟ್ಟುಕೊಳ್ಳುತ್ತಾನೆ. ನಾಳೆ ಅವನಿಗೆ ಮನಸ್ಸಾದರೆ ನಿಮ್ಮ ಜನರನ್ನು ಬೇರೆ ಪುಟಕ್ಕೇ ಅಟ್ಟಬಹುದು, ಅಚ್ಚಾದ ಪೋಸ್ಟರಿನಲ್ಲಿ ಒಂದು ಚುಕ್ಕೆಯೂ ಬದಲಾಗದೆ!

ಐಟಿ ಹುಡುಗರು ಇಲ್ಲಿ ಬಾಯಿ ಹಾಕುತ್ತಾರೆ. “ಎಷ್ಟು ಜನ ಸ್ಕ್ಯಾನ್ ಮಾಡಿದರು ಎಂದು ಲೆಕ್ಕ ಬೇಡವೇ? ನಾಳೆ ಪುಟ ಬದಲಾದರೆ?” ನ್ಯಾಯವಾದ ಪ್ರಶ್ನೆ, ಒಪ್ಪುತ್ತೇನೆ. ಬ್ರೌಸರಿನ ಚೌಕಕ್ಕೆ ಆ ಅನುಕೂಲವಿಲ್ಲ. ಪುಟ ಸ್ಥಳ ಬಿಟ್ಟರೆ ಚೌಕ ಅನಾಥ. ಅದಕ್ಕೇ ಚೌಕ ಮಾಡುವ ಮೊದಲು ನಿಮ್ಮ ಸಂಘಕ್ಕೊಂದು ಸ್ವಂತ ವಿಳಾಸ ಕೊಳ್ಳಿ. ಫ್ಲೆಕ್ಸಿಗೆ ಸುರಿಯುವ ದುಡ್ಡಿನಲ್ಲಿ ಅದು ಕಾಲುಭಾಗವೂ ಆಗುವುದಿಲ್ಲ. ಪುಟಕ್ಕೆ ಒಂದು ಚಿಕ್ಕ ಹೆಸರಿಡಿ, ಇಟ್ಟಮೇಲೆ ಅದನ್ನು ಕದಲಿಸಬೇಡಿ. ಒಳಗಿನ ಪಾಠ ದಿನಕ್ಕೆ ಹತ್ತು ಸಲ ತಿದ್ದಿ, ಯಾರು ಬೇಡವೆಂದರು? ಎಷ್ಟು ಜನ ಬಂದರು ಎಂಬ ಲೆಕ್ಕವನ್ನು ನಿಮ್ಮ ಮನೆಯ ಬಾಗಿಲಲ್ಲಿ ನೀವೇ ಇಟ್ಟುಕೊಳ್ಳಿ.

ಇನ್ನೊಬ್ಬರು ಕೇಳುತ್ತಾರೆ: ಕ್ರೋಮ್ ಕೂಡ ಅಮೆರಿಕದವರದ್ದೇ ಅಲ್ಲವೇ, ಎಡ್ಜ್ ಯಾರದು? ಹೌದು. ಅಚ್ಚಿನ ಮೊಳೆಯನ್ನೂ ನಾವು ಕಂಡುಹಿಡಿಯಲಿಲ್ಲ, ಆದರೂ ಕನ್ನಡ ಪುಸ್ತಕ ಅಚ್ಚಾಯಿತು. ಚೌಕ ಒಮ್ಮೆ ನಿಮ್ಮ ಕೈಗೆ ಬಂದಮೇಲೆ ಕ್ರೋಮ್ ಇರಲಿ ಹಾಳಾಗಲಿ, ಅದು ಓದುತ್ತದೆ. ಮಾಡಿಕೊಟ್ಟವನಿಗೆ ಬಾಡಿಗೆ ಕಟ್ಟಬೇಕಿಲ್ಲ. ವ್ಯತ್ಯಾಸ ಇರುವುದು ಅಲ್ಲಿ.

ಬಾಡಿಗೆಯ ಮಾತು ಬಂತು. ಈ ಚೌಕದ ನಿಜವಾದ ಯಜಮಾನ ಬಾಡಿಗೆ ಕೇಳಲೇ ಇಲ್ಲ ಎಂಬುದು ನಮ್ಮ ಹುಡುಗರಿಗೆ ಗೊತ್ತಿರಲಿ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯಲ್ಲಿ ಮಸಾಹಿರೊ ಹಾರಾ ಎಂಬ ಇಂಜಿನಿಯರು ತನ್ನ ತಂಡದೊಂದಿಗೆ ಇದನ್ನು ಹೊರತಂದ. ಕಾರಿನ ಬಿಡಿಭಾಗಗಳ ಲೆಕ್ಕವಿಡುವ ಕೆಲಸ. ಹಳೆಯ ಗೆರೆಗೆರೆಯ ಬಾರ್‌ಕೋಡಿನಲ್ಲಿ ಇಪ್ಪತ್ತರ ಆಸುಪಾಸು ಅಕ್ಷರ ಹಿಡಿಯುತ್ತಿದ್ದವು, ಒಂದು ಪೆಟ್ಟಿಗೆಗೆ ಹತ್ತು ಚೀಟಿ ಓದಿ ಓದಿ ಕಾರ್ಮಿಕರಿಗೆ ಸಾಕಾಗಿಹೋಗಿತ್ತು. ಆತ ಬಿಡುವಿನಲ್ಲಿ ಆಡುತ್ತಿದ್ದ ‘ಗೋ’ ಎಂಬ ಆಟದ ಕಪ್ಪು ಬಿಳಿ ಕಾಯಿಗಳ ಮಣೆಯಿಂದ ಈ ಚೌಕ ಹೊಳೆಯಿತಂತೆ. ಪೇಟೆಂಟು ಕಂಪನಿಯ ಹತ್ತಿರವೇ ಇತ್ತು, ಆದರೆ ನಿಯಮದಂತೆ ಬಳಸುವವರ ಮೇಲೆ ಆ ಹಕ್ಕು ಚಲಾಯಿಸುವುದಿಲ್ಲ ಎಂದು ಸಾರಿದರು. 2000ದಲ್ಲಿ ಅದು ಅಂತರರಾಷ್ಟ್ರೀಯ ಮಾನದಂಡವೂ ಆಯಿತು. ಹಡೆದವನೇ ಪುಕ್ಕಟೆ ಕೊಟ್ಟ ಕೂಸಿಗೆ ಈ ದಲ್ಲಾಳಿಗಳು ತಿಂಗಳ ಬಾಡಿಗೆ ವಸೂಲು ಮಾಡುತ್ತಿದ್ದಾರೆ. ನಾವು ಕೊಡುತ್ತಿದ್ದೇವೆ!

ಅದೇ ಹಾರಾ ಮಾಡಿದ ಇನ್ನೊಂದು ಕೆಲಸ ನೋಡಿ. ಚೌಕದೊಳಗೆ ಮಾಹಿತಿ ತುಂಬಲು ನಾಲ್ಕು ಮುಖ್ಯ ದಾರಿಗಳಿವೆ. ಒಂದು ಬರೀ ಅಂಕಿಗೆ, ಇನ್ನೊಂದು ಇಂಗ್ಲಿಷಿನ ದೊಡ್ಡಕ್ಷರ ಮತ್ತು ಅಂಕಿಗೆ, ಮೂರನೆಯದು ಯಾವುದೇ ಬೈಟಿಗೆ. ನಾಲ್ಕನೆಯದು ಜಪಾನೀಯರ ಕಾಂಜಿ ಲಿಪಿಗೇ ಮೀಸಲು! ಒಂದು ಕಾಂಜಿ ಅಕ್ಷರ 13 ಬಿಟ್‌ಗಳಲ್ಲಿ ಕೂರುತ್ತದೆ. ಅತಿದೊಡ್ಡ ಚೌಕದಲ್ಲಿ, ಅಂದರೆ 177 ಸಾಲು 177 ಕಂಬದ್ದರಲ್ಲಿ, 1817 ಕಾಂಜಿ ಅಕ್ಷರ ತುಂಬಬಹುದು. ಕಾರ್ಖಾನೆಯಲ್ಲಿ ಭಾಗದ ಹೆಸರು ಜಪಾನಿ ಭಾಷೆಯಲ್ಲಿ ಇರುತ್ತದೆ, ಆದ್ದರಿಂದ ಯಂತ್ರ ಜಪಾನಿಯಲ್ಲೇ ಓದಬೇಕು. ಅವರು ಭಾಷಣ ಮಾಡಲಿಲ್ಲ, ಬಸ್ಸು ತಡೆಯಲಿಲ್ಲ. ಲಿಪಿಯನ್ನು ಯಂತ್ರದ ಎಲುಬಿನೊಳಗೇ ಕೂರಿಸಿಬಿಟ್ಟರು.

ನಮ್ಮ ಗತಿ? ಕನ್ನಡದ ಅಕ್ಷರ ಆ ಮೂರನೆಯ, ಎಲ್ಲರ ಧರ್ಮಛತ್ರದ ದಾರಿಯಲ್ಲಿ ಹೋಗಬೇಕು. ಅಲ್ಲಿ ಒಂದು ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು, ಕನ್ನಡದ ಪ್ರತಿ ಅಕ್ಷರಕ್ಕೆ, ಪ್ರತಿ ಕೊಂಬಿಗೆ, ಪ್ರತಿ ಒತ್ತಿನ ಗುರುತಿಗೆ ಮೂರು ಮೂರು ಬೈಟು. ಅಷ್ಟಾದರೆ ಸಹಿಸಿಕೊಳ್ಳಬಹುದಿತ್ತು. ವೆಬ್ ವಿಳಾಸದೊಳಗೆ ಕನ್ನಡ ಬಂದರೆ ಬ್ರೌಸರು ಪ್ರತಿ ಬೈಟನ್ನೂ ಒಂದು ಪರ್ಸೆಂಟು ಗುರುತು ಮತ್ತು ಎರಡು ಚಿಹ್ನೆಗಳಾಗಿ ಒಡೆಯುತ್ತದೆ. ವಿಳಾಸದ ಪಟ್ಟಿಯಲ್ಲಿ ಮುದ್ದಾಗಿ ಕನ್ನಡ ಕಾಣುತ್ತದೆ. ಅದನ್ನೇ ನಕಲು ಮಾಡಿ ವಾಟ್ಸಾಪಿನಲ್ಲಿ ಕಳಿಸಿದರೆ ಪರ್ಸೆಂಟು ಪರ್ಸೆಂಟು ಎಂದು ಚುರುಮುರಿ ಚೆಲ್ಲಿದಂತೆ ಹರಡಿಕೊಳ್ಳುವುದನ್ನು ನೀವೆಲ್ಲ ಕಂಡಿದ್ದೀರಿ. ಒಂದು ‘ಕ’ ಅಕ್ಷರ ಒಂಬತ್ತು ಚಿಹ್ನೆಗಳಾಗುತ್ತದೆ.

ಲೆಕ್ಕ ಹಾಕಿ ತೋರಿಸುತ್ತೇನೆ, ಯಾರೂ ಭಾವಾವೇಶ ಎನ್ನಬಾರದು. ಇಂಗ್ಲಿಷ್ ವಿಕಿಪೀಡಿಯದ ‘ಕರ್ನಾಟಕ’ ಪುಟದ ಪೂರ್ತಿ ವಿಳಾಸ 39 ಚಿಹ್ನೆ. ಕನ್ನಡ ವಿಕಿಪೀಡಿಯದ ‘ಕರ್ನಾಟಕ’ ಪುಟದ್ದು? ನಮ್ಮ ಕಣ್ಣಿಗೆ ನಾಲ್ಕಕ್ಷರ. ಕಂಪ್ಯೂಟರಿನ ಲೆಕ್ಕದಲ್ಲಿ ಒತ್ತು, ದೀರ್ಘ ಸೇರಿ ಏಳು ತುಣುಕು, 21 ಬೈಟು, ಒಡೆದಮೇಲೆ 63 ಚಿಹ್ನೆ. ಮುಂದಿನ ಭಾಗ ಸೇರಿ ವಿಳಾಸ 93. ಮಧ್ಯಮ ದರ್ಜೆಯ ದೋಷ ತಿದ್ದುಪಡಿ ಇಟ್ಟು ಎಲ್ಲವನ್ನೂ ಬೈಟಿನ ಲೆಕ್ಕದಲ್ಲೇ ತುಂಬಿದರೆ ಇಂಗ್ಲಿಷಿನದು 29ಕ್ಕೆ 29ರ ಚೌಕದಲ್ಲಿ ಹಿಡಿಯುತ್ತದೆ. ಕನ್ನಡದ್ದಕ್ಕೆ 41ಕ್ಕೆ 41 ಬೇಕು. ಅಂದರೆ 841 ಮನೆಗಳ ಜಾಗದಲ್ಲಿ 1681 ಮನೆ. ಪೋಸ್ಟರಿನ ಮೂಲೆಯ ಅಳತೆ ಎರಡಕ್ಕೂ ಒಂದೇ, ಆದ್ದರಿಂದ ಕನ್ನಡದ ಚುಕ್ಕೆಗಳು ಸಾಸಿವೆಯಾಗುತ್ತವೆ. ಅಗ್ಗದ ಫೋನಿನ ಕ್ಯಾಮೆರಾ, ಸಂಜೆಯ ಬೆಳಕು, ಮಾಸಿದ ಕಾಗದ, ಮೂರೂ ಸೇರಿದರೆ ಇಂಗ್ಲಿಷಿನ ಚೌಕ ಓದುತ್ತದೆ, ಕನ್ನಡದ್ದು ತಡವರಿಸುತ್ತದೆ. ಉದ್ದನೆಯ ತಲೆಬರಹದ ಪುಟವಾದರೆ ಬ್ರೌಸರೇ ಕೈಯೆತ್ತಿ, ವಿಳಾಸ ತೀರಾ ಉದ್ದವಾಯಿತು ಎಂದುಬಿಡುತ್ತದೆ.

ಇದು ಕನ್ನಡದ ಮೇಲಿನ ಪಿತೂರಿಯೇ? ಅಲ್ಲ. ಈ ಪುಟದಲ್ಲಿ ಸುಳ್ಳು ಬರೆಯುವುದಿಲ್ಲ. ಹಿಂದಿಗೂ ಇದೇ ಗತಿ, ತಮಿಳಿಗೂ ಇದೇ ಗತಿ, ವೆಬ್ ವಿಳಾಸದೊಳಗೆ ಬಂದಾಗ ಆ ಕಾಂಜಿಯೂ ಒಂಬತ್ತಾಗಿಯೇ ಒಡೆಯುತ್ತದೆ. ಆದರೆ ಪಿತೂರಿ ಇಲ್ಲದಿದ್ದರೆ ಪರಿಹಾರ ಹುಡುಕಬೇಕಿಲ್ಲ ಎಂದು ಯಾರು ಹೇಳಿದರು? ಶತ್ರು ಕಂಡರೆ ಮಾತ್ರ ಎದ್ದು ನಿಲ್ಲುವ ಚಾಳಿ ನಮ್ಮದು. ಶತ್ರುವಿಲ್ಲದ ಕಷ್ಟ ಬಂದರೆ ಆಕಳಿಸುತ್ತೇವೆ.

ಪರಿಹಾರ ದೊಡ್ಡ ವಿದ್ಯೆಯಲ್ಲ. ಪುಟದ ತಲೆಬರಹ, ಒಳಗಿನ ಪಠ್ಯ, ಎಲ್ಲ ಅಚ್ಚಗನ್ನಡ ಇರಲಿ. ಚೌಕಕ್ಕೆ ಹೋಗುವ ವಿಳಾಸದ ಬಾಲ ಮಾತ್ರ ಚಿಕ್ಕದಿರಲಿ, ಒಂದು ಅಂಕಿಯಾದರೂ ಸಾಕು. ಪಾಠ ಒಂದಕ್ಕೆ 1, ಎರಡಕ್ಕೆ 2. ಕನ್ನಡ ವಿಕಿಪೀಡಿಯದ ಪುಟವಾದರೆ ವಿಕಿಮೀಡಿಯದವರೇ 2019ರಲ್ಲಿ ತೆರೆದ ಸ್ವಂತ ಕಿರುವಿಳಾಸದ ವ್ಯವಸ್ಥೆ ಇದೆ. ಪುಟದ ಉಪಕರಣಗಳ ಪಟ್ಟಿಯಲ್ಲೇ ಕಿರುವಿಳಾಸವೂ ಸಿಗುತ್ತದೆ, ಕ್ಯೂಆರ್ ಚೌಕವೂ ಸಿಗುತ್ತದೆ. ಅಲ್ಲಿ ಕಿರುವಿಳಾಸ ಕೊಡುವವನು ಹೊರಗಿನ ದಲ್ಲಾಳಿಯಲ್ಲ, ಮನೆಯವನೇ. ಇನ್ನು ಫೇಸ್‌ಬುಕ್ಕಿನಿಂದಲೋ ಯೂಟ್ಯೂಬಿನಿಂದಲೋ ಎತ್ತಿಕೊಂಡ ವಿಳಾಸದ ಕೊನೆಗೆ ಪ್ರಶ್ನೆ ಚಿಹ್ನೆಯ ಆಚೆಗೆ ಮಾರುದ್ದದ ಬೇಹುಗಾರಿಕೆಯ ಬಾಲ ಇರುತ್ತದೆ, ಅದನ್ನು ಕತ್ತರಿಸಿ. ಕತ್ತರಿಸಿದಮೇಲೂ ಪುಟ ತೆರೆಯುತ್ತದೆಯೇ ನೋಡಿ. ಕೆಲವು ಕಡೆ ಆ ಬಾಲದಲ್ಲೇ ಜೀವ ಇರುತ್ತದೆ.

ಬಣ್ಣದ ಹುಚ್ಚು ಬಿಡಿ. ನಮ್ಮವರು ಬಾವುಟದ ಪ್ರೀತಿಗೆ ಕೆಂಪಿನ ಮೇಲೆ ಹಳದಿ ಚುಕ್ಕೆ ಇಡುತ್ತಾರೆ. ಗಾಢ ನೆಲದ ಮೇಲೆ ತಿಳಿ ಚುಕ್ಕೆ ಇಟ್ಟರೆ ಎಷ್ಟೋ ಫೋನುಗಳಿಗೆ ಅದು ತಲೆಕೆಳಗಾದ ಬರಹ. ಚೌಕ ಕಪ್ಪು ಬಿಳಿಯಾಗಿಯೇ ಇರಲಿ, ಸುತ್ತ ನಾಲ್ಕು ಚುಕ್ಕೆಯಗಲ ಬಿಳಿ ಅಂಚು ಬಿಡಿ, ಅದರಾಚೆ ಬೇಕಾದಷ್ಟು ಅರಿಶಿನ ಕುಂಕುಮ ಬಳಿಯಿರಿ. ಕೆಳಗೆ ಕನ್ನಡದಲ್ಲಿ ‘ಇದಕ್ಕೆ ಫೋನು ಹಿಡಿದರೆ ಇಂಥ ಪುಟ ತೆರೆಯುತ್ತದೆ’ ಎಂದು ಬರೆಯಿರಿ. ಊರೆಲ್ಲ ಮೋಸದ ಚೌಕ ಅಂಟಿಸುವವರು ತಿರುಗುತ್ತಿದ್ದಾರೆ, ಹೇಳದೆ ಕೇಳದೆ ಯಾರು ಯಾಕೆ ಫೋನು ಹಿಡಿಯಬೇಕು? ಅಚ್ಚಿಗೆ ಕೊಡುವ ಮೊದಲು ಮೂರು ಬೇರೆ ಬೇರೆ ಫೋನಿನಲ್ಲಿ ಓದಿಸಿ. ಒಂದಾದರೂ ಐದಾರು ಸಾವಿರದ ಫೋನಾಗಿರಲಿ. ನಾವು ಇದನ್ನು ಮಾಡಿರಲಿಲ್ಲ.

ಇನ್ನು ಉಳಿದವರ ಸರದಿ.

2023ರ ಡಿಸೆಂಬರ್ 27ರಂದು ಬೆಂಗಳೂರಿನ ಬೀದಿಗಳಲ್ಲಿ ಬೋರ್ಡಿಗಾಗಿ ಹುಡುಗರು ಜೈಲಿಗೆ ಹೋದರು. 2024ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು, ನಾಮಫಲಕದಲ್ಲಿ ನೂರಕ್ಕೆ ಅರವತ್ತು ಭಾಗ ಕನ್ನಡ, ಅದೂ ಮೇಲ್ಭಾಗದಲ್ಲಿ. ಸಂತೋಷ. ಈಗ ಅದೇ ಬೋರ್ಡಿನ ಕೆಳಗೆ, ಗಾಜಿನ ಬಾಗಿಲ ಮೇಲೆ, ಹೋಟೆಲಿನ ಮೇಜಿನ ಮೇಲೆ ಅಂಗೈ ಅಗಲದ ಚೌಕ ಅಂಟಿಸಿರುತ್ತಾರೆ ನೋಡಿ. ಫೋನು ಹಿಡಿಯಿರಿ. ತಿಂಡಿಯ ಪಟ್ಟಿ ಇಂಗ್ಲಿಷು, ದೂರು ಕೊಡುವ ಪುಟ ಇಂಗ್ಲಿಷು, ವಾರಂಟಿಯ ಷರತ್ತು ಇಂಗ್ಲಿಷು. ಬೋರ್ಡು ಕನ್ನಡದ ಮುಖವಾಡ ಹಾಕಿದೆ, ಬಾಯಿ ಬಿಟ್ಟರೆ ಇಂಗ್ಲಿಷು. ಟೇಪು ಹಿಡಿದು ಬೋರ್ಡಿನ ಅರವತ್ತು ಅಳೆಯುವ ಅಧಿಕಾರಿ ಆ ಚೌಕದ ಎದುರು ಕುರುಡ.

ಸರ್ಕಾರದ್ದೇನು ಕಡಿಮೆಯೇ? ಇಲಾಖೆಯೊಂದರ ನೋಟೀಸು, ಹೆಸರು ಬೇಡ, ಅಚ್ಚುಕಟ್ಟಾದ ಕನ್ನಡದಲ್ಲಿತ್ತು. ಚೌಕಕ್ಕೆ ಫೋನು ಹಿಡಿದೆ, ಇಂಗ್ಲಿಷ್ ಪುಟ ಬಂತು. ಮೂಲೆಯಲ್ಲಿ ‘ಕನ್ನಡ’ ಎಂಬ ಗುಂಡಿ. ಒತ್ತಿದೆ, ಪುಟ ಕನ್ನಡವಾಯಿತು. ಇಲ್ಲಿಗೆ ಎಲ್ಲ ಸರಿ ಎಂದುಕೊಂಡು ಆ ಕನ್ನಡ ಪುಟಕ್ಕೆ ಬ್ರೌಸರಿನಲ್ಲಿ ನಾನೇ ಹೊಸ ಚೌಕ ಮಾಡಿ ಪಕ್ಕದವರ ಫೋನು ಹಿಡಿಸಿದೆ. ಮತ್ತೆ ಇಂಗ್ಲಿಷ್! ಯಾಕೆಂದರೆ ಗುಂಡಿ ಒತ್ತಿದಾಗ ವಿಳಾಸದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಇವನಿಗೆ ಕನ್ನಡ ಬೇಕಂತೆ ಎಂದು ನನ್ನ ಬ್ರೌಸರಿನ ಜೇಬಿನಲ್ಲಿ ಒಂದು ಚೀಟಿ ಇಟ್ಟಿದ್ದರು, ಕುಕಿ ಎನ್ನುತ್ತಾರೆ ಅದಕ್ಕೆ. ಚೌಕದೊಳಗೆ ಹೋಗುವುದು ವಿಳಾಸ ಮಾತ್ರ, ಜೇಬಿನ ಚೀಟಿ ಹೋಗುವುದಿಲ್ಲ. ಪಕ್ಕದವರ ಜೇಬು ಖಾಲಿ, ಅವರಿಗೆ ಇಂಗ್ಲಿಷೇ ಗತಿ.

ಏನರ್ಥ ಇದಕ್ಕೆ? ಆ ಇಲಾಖೆಯ ಲೆಕ್ಕದಲ್ಲಿ ಇಂಗ್ಲಿಷಿಗೆ ಮನೆಯಿದೆ, ವಿಳಾಸವಿದೆ. ಕನ್ನಡ ಅದೇ ಮನೆಯ ಜಗಲಿಯಲ್ಲಿ ಮಲಗುವ ನೆಂಟ. ಕರೆದರೆ ಒಳಗೆ ಬರುತ್ತದೆ, ಕರೆಯದಿದ್ದರೆ ಇಲ್ಲ. ಆಡಳಿತ ಭಾಷೆಗೆ ಅದರದೇ ರಾಜ್ಯದಲ್ಲಿ ಸ್ವಂತ ವಿಳಾಸವಿಲ್ಲ! ಸಾಫ್ಟ್‌ವೇರ್ ಗೊತ್ತಿರುವ ಯಾವ ಹುಡುಗನನ್ನಾದರೂ ಕೇಳಿ, ಕನ್ನಡ ಪುಟಕ್ಕೆ ಪ್ರತ್ಯೇಕ ವಿಳಾಸ ಕೊಡುವುದು ಹೊಸ ವಿದ್ಯೆಯೇನಲ್ಲ. ವಿಕಿಪೀಡಿಯ ಪ್ರತಿ ಭಾಷೆಗೂ ಕೊಟ್ಟಿದೆ. ಟೆಂಡರಿನ ಕರಾರಿನಲ್ಲಿ ಒಂದು ಸಾಲು ಬರೆದರೆ ಆಯಿತು. ಬರೆಯುವುದಿಲ್ಲ, ಯಾಕೆಂದರೆ ಯಾರೂ ಕೇಳಿಲ್ಲ. ನಾವು ಇನ್ನೂ ಬೋರ್ಡಿನ ಬಣ್ಣದ ಮುಂದೆ ನಿಂತಿದ್ದೇವೆ.

ಕೇಳುವ ಬಗೆಯನ್ನೂ ಹೇಳುತ್ತೇನೆ. ಮಸಿ ಬಳಿಯಬೇಕಾಗಿಲ್ಲ. ನಿಮ್ಮ ಬಡಾವಣೆಯ ಯಾವುದೇ ಕಚೇರಿಯ ಚೌಕಕ್ಕೆ ಫೋನು ಹಿಡಿಯಿರಿ, ತೆರೆದ ಪುಟದ ಚಿತ್ರ ತೆಗೆಯಿರಿ. ಕನ್ನಡದ ಗುಂಡಿ ಒತ್ತಿ, ಬ್ರೌಸರಿನಲ್ಲಿ ಹೊಸ ಚೌಕ ಮಾಡಿ. ಎರಡನ್ನೂ ಒಂದೇ ಕಾಗದದಲ್ಲಿ ಅಕ್ಕಪಕ್ಕ ಅಚ್ಚು ಹಾಕಿ ಅಧಿಕಾರಿಯ ಮೇಜಿನ ಮೇಲಿಡಿ. “ಸ್ವಾಮಿ, ನಿಮ್ಮ ಫೋನಿನಲ್ಲೇ ಹಿಡಿದು ನೋಡಿ, ಎರಡರಲ್ಲಿ ಕನ್ನಡ ಯಾವುದು ತೋರಿಸಿ” ಎನ್ನಿ. ಸ್ವೀಕೃತಿ ಮೊಹರು ಹಾಕಿಸಿಕೊಂಡು ಬನ್ನಿ. ಹತ್ತು ಕಚೇರಿಯಲ್ಲಿ ಹತ್ತು ಹುಡುಗರು ಹೀಗೆ ಮಾಡಲಿ, ಆಮೇಲೆ ಮಾತಾಡೋಣ.

ನಮ್ಮ ಪಾಠದ ಪುಟಕ್ಕೆ ಈಗ ಸ್ವಂತ ವಿಳಾಸ ಆಗಿದೆ. ಚೌಕ ಬ್ರೌಸರಿನಲ್ಲೇ ಮಾಡಿದ್ದು, ಡೈನೋಸಾರ್ ಸಮೇತ. ನಾಲ್ಕು ಅಂಗುಲದ ಚೀಟಿ ಎರಡು ಸಾವಿರ ಅಚ್ಚಾಗಿ ಬಂದಿವೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಬರುವವರು ಬನ್ನಿ, ಗೋಂದು ನಾನು ತರುತ್ತೇನೆ. ಹಳೆಯ ಪೋಸ್ಟರು ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಅಂಗಡಿಯವರಿಗೆ ಹೇಳಿ ಸತ್ತ ಚೌಕದ ಮೇಲೆ ಹೊಸದನ್ನು ಅಂಟಿಸಬೇಕು. ಆ ಸೆಕ್ಯುರಿಟಿ ಹುಡುಗನ ಗೇಟಿನಿಂದಲೇ ಶುರು. ಅವನಿಗೆ ನಾಲ್ಕನೆಯ ಪಾಠ ಬಾಕಿ ಇದೆ.